ಹಲಸಿನ ಸೊಳೆ ಫ್ರೋಜನ್ ಮಾಡಿ ದುಬೈಗೆ ಕಳಿಸಬೇಕು, ರೀಫರ್ ಕಂಟೇನರ್ ಬಗ್ಗೆ ಗೊತ್ತಿದ್ದವರು ಹೇಳಿ

ಪೆರ್ಲದ ಬಕ್ಕೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ತೋಟದ ಬದಿ, ಗುಡ್ಡೆ ಎಲ್ಲ ಸೇರಿ 40ಕ್ಕಿಂತ ಜಾಸ್ತಿ ಹಲಸಿನ ಮರಗಳಿವೆ. ಹೆಚ್ಚಿನದು ಗಟ್ಟಿ ಸೊಳೆಯ ಬಕ್ಕೆ, ಕೆಲವು ಮೆತ್ತಗಿನ ಸೊಳೆಯ ತುಳುವ. ನಾವು ತಿಂದು, ಹಪ್ಪಳ ಮಾಡಿ, ನೆಂಟರಿಗೆ ಕೊಟ್ಟು, ದನಕ್ಕೆ ಹಾಕಿದ ಮೇಲೂ ಅರ್ಧಕ್ಕರ್ಧ ಮರದ ಬುಡದಲ್ಲೇ ಕೊಳೆಯುತ್ತದೆ. ಅಕ್ಕಪಕ್ಕದ ಐದಾರು ಮನೆಯವರದ್ದೂ ಇದೇ ಕತೆ.

ದುಬೈಯಲ್ಲಿರುವ ಭಾವ ಮೊನ್ನೆ ಒಂದು ಫೋಟೋ ಕಳಿಸಿದರು. ಅಂಗಡಿಯ ಫ್ರೀಜರಿನಲ್ಲಿ ಹಲಸಿನ ಸೊಳೆಯ ಪ್ಯಾಕೆಟ್. "ನಿಮ್ಮಲ್ಲಿ ಕೊಳೆಯುವುದನ್ನು ಇಲ್ಲಿ ದುಡ್ಡು ಕೊಟ್ಟು ತಿನ್ನುತ್ತಿದ್ದೇವೆ" ಅಂತ ಕೆಳಗೆ ಬರೆದಿದ್ದರು. ಅಂದಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ.

ನನ್ನ ಲೆಕ್ಕ ಹೀಗೆ. ಸೊಳೆ ಬಿಡಿಸಿ, ಬೀಜ ತೆಗೆದು, ಪ್ಯಾಕ್ ಮಾಡಿ ರೀಫರ್ ಕಂಟೇನರಿಗೆ ತುಂಬುವುದು. ಅದು ದೊಡ್ಡ ಫ್ರಿಜ್ ಅಲ್ವಾ, ದುಬೈ ಮುಟ್ಟುವಾಗ ಗಟ್ಟಿಯಾಗಿರುತ್ತದೆ. ನಮಗೆ ಮಂಗಳೂರಿನ ಪಣಂಬೂರು ಬಂದರು ಹತ್ತಿರ, ಕೊಚ್ಚಿ ದೂರ. ಒಂದು ಕಂಟೇನರ್ ಬುಕ್ ಮಾಡಲು ಯಾರನ್ನು ಹಿಡಿಯಬೇಕು? ಮೊದಲ ಸಲಕ್ಕೆ ಎರಡು ಟನ್ ಆದೀತು.

ಕುಂಬಳೆ ಕೋಲ್ಡ್ ಸ್ಟೋರ್
ಅಲ್ಲ ಮಾರಾಯ್ರೇ, ಬುಕ್ ಮಾಡುವುದು ಆಮೇಲೆ. ಮೊದಲು ಆ ಲೆಕ್ಕ ಬಿಡಿ. ನಾನು 19 ವರ್ಷ ದುಬೈಯ ಬಂದರು ಜಬಲ್ ಅಲಿಯ ಕಡೆ ಕೋಲ್ಡ್ ಸ್ಟೋರಿನಲ್ಲಿದ್ದವ. ಕಂಟೇನರ್ ಬಾಗಿಲು ತೆರೆಯುವುದೇ ನನ್ನ ಕೆಲಸ.

ರೀಫರ್ ತಣ್ಣಗೆ ಮಾಡುವ ಪೆಟ್ಟಿಗೆ ಅಲ್ಲ, ತಣ್ಣಗಾದದ್ದನ್ನು ಹಾಗೇ ಇಟ್ಟುಕೊಳ್ಳುವ ಪೆಟ್ಟಿಗೆ. ನೀವು ಮೈನಸ್ 18 ಡಿಗ್ರಿಯ ಸೊಳೆ ತುಂಬಿದರೆ ಮೈನಸ್ 18ರಲ್ಲಿ ಕೊಂಡುಹೋಗುತ್ತದೆ. ಬಿಸಿ ಬಿಸಿ ಸೊಳೆ ತುಂಬಿದರೆ ಹೊರಗಿನ ಸಾಲು ಗಟ್ಟಿಯಾಗಿ, ನಡುವಿನ ಪೆಟ್ಟಿಗೆಗಳು ದಿನಗಟ್ಟಲೆ ಬಿಸಿಯಲ್ಲೇ ಕೂತಿರುತ್ತವೆ. ಅದರ ಯಂತ್ರಕ್ಕೆ ಇರುವ ಶಕ್ತಿ ಗೋಡೆಯಿಂದ ಒಳಗೆ ಬರುವ ಬಿಸಿಯನ್ನು ಹೊರಗೆ ಹಾಕುವಷ್ಟು. ಟನ್‌ಗಟ್ಟಲೆ ಹಣ್ಣನ್ನು ಹೆಪ್ಪುಗಟ್ಟಿಸುವಷ್ಟಲ್ಲ.

ನಾವು ಬಾಗಿಲು ತೆರೆದ ಕೂಡಲೇ ಹೊರಗಿನ ಡಿಸ್‌ಪ್ಲೇ ನಂಬುವುದಿಲ್ಲ. ಬಾಗಿಲ ಹತ್ತಿರದ್ದೊಂದು, ನಡುವಿನದ್ದೊಂದು, ತೀರ ಒಳಗಿನದ್ದೊಂದು ಪೆಟ್ಟಿಗೆ ತೆಗೆದು ಥರ್ಮಾಮೀಟರಿನ ಸೂಜಿ ಚುಚ್ಚುತ್ತೇವೆ. ಒಮ್ಮೆ ಒಂದು ಕಂಟೇನರಿನಲ್ಲಿ ಡಿಸ್‌ಪ್ಲೇ ಮೈನಸ್ 18, ಬಾಗಿಲ ಹತ್ತಿರ ಮೈನಸ್ 17, ನಡುವಿನ ಪೆಟ್ಟಿಗೆ ಮೈನಸ್ 6. ಕಳಿಸಿದವರು ನಿಮ್ಮ ಹಾಗೆಯೇ ಲೆಕ್ಕ ಹಾಕಿದ್ದರು ಅಂತ ಕಾಣುತ್ತದೆ.

ಪೆರ್ಲದ ಬಕ್ಕೆ
ಅಯ್ಯೋ ದೇವರೇ. ಹಾಗಾದರೆ ಮನೆಯಲ್ಲೇ ಡೀಪ್ ಫ್ರೀಜರ್ ತಂದು ಗಟ್ಟಿ ಮಾಡಿದರೆ? ಹೋದ ವಾರ ಪರೀಕ್ಷೆಗೆ ಅಂತ ಎರಡು ಕಿಲೋ ಇಟ್ಟೆ. ಗಟ್ಟಿಯಾಯಿತು. ಹೊರಗೆ ತೆಗೆದು ಕರಗಿದ ಮೇಲೆ ನೋಡಿದರೆ ಪಚಪಚ. ತಟ್ಟೆಯ ತುಂಬ ನೀರು. ಬಕ್ಕೆ ಹೋಗಿ ತುಳುವ ಆಯಿತು ಅಂತ ಅಮ್ಮ ನಗುತ್ತಿದ್ದರು.

ಕುಂಬಳೆ ಕೋಲ್ಡ್ ಸ್ಟೋರ್
ಅಮ್ಮ ಸರಿಯಾಗಿಯೇ ಹೇಳಿದ್ದಾರೆ. ಮನೆಯ ಫ್ರೀಜರಿನಲ್ಲಿ ಸೊಳೆ ಗಟ್ಟಿಯಾಗಲು ಒಂದು ದಿನವೇ ಬೇಕಾಗಬಹುದು. ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗಿನ ನೀರು ದೊಡ್ಡ ದೊಡ್ಡ ಹರಳಾಗುತ್ತದೆ. ಆ ಹರಳು ಹಣ್ಣಿನ ಕೋಶಗಳನ್ನು ಹರಿದು ಹಾಕುತ್ತದೆ. ಕರಗಿದಾಗ ನೀರೆಲ್ಲ ಹೊರಗೆ.

ಮೈನಸ್ 1ರಿಂದ ಮೈನಸ್ 5ರವರೆಗಿನ ದಾರಿಯನ್ನು ಹಣ್ಣು ಆದಷ್ಟು ಬೇಗ ದಾಟಬೇಕು. ಅದಕ್ಕೆ ಬ್ಲಾಸ್ಟ್ ಫ್ರೀಜರ್ ಬೇಕು. ಮೈನಸ್ 35, 40ರ ಗಾಳಿಯನ್ನು ಜೋರಾಗಿ ಬೀಸುತ್ತದೆ. ಸೊಳೆಗಳನ್ನು ಟ್ರೇಯಲ್ಲಿ ಒಂದಕ್ಕೊಂದು ತಾಗದ ಹಾಗೆ ಬಿಡಿ ಬಿಡಿಯಾಗಿ ಹಾಸಿದರೆ ಕೆಲವೇ ಗಂಟೆಗಳಲ್ಲಿ ನಡುವಿನವರೆಗೆ ಕಲ್ಲಾಗುತ್ತದೆ. ಹರಳು ಸಣ್ಣದಾಗಿ ಉಳಿಯುತ್ತದೆ. ಬೀಜ ಇದ್ದ ಜಾಗ ಟೊಳ್ಳಾದ ಕಾರಣ ಸೊಳೆ ಬೇಗ ತಣಿಯುತ್ತದೆ, ಅದು ನಿಮ್ಮ ಪುಣ್ಯ. ಆಮೇಲೆ ಪ್ಯಾಕೆಟ್ಟು, ಪೆಟ್ಟಿಗೆ, ಮೈನಸ್ 18ರ ಗೋಡೌನು. ಅಲ್ಲಿಂದ ಕಂಟೇನರ್. ಹಡಗು ಬರುವುದು ಕೊನೆಗೆ. ಅಷ್ಟರೊಳಗೆ ಕೆಲಸ ಕೆಟ್ಟಿದ್ದರೆ ಕೆಟ್ಟಾಗಿರುತ್ತದೆ.

ಶಾರ್ಜಾ ಅಕ್ಕ
ನಾನು ಬದಿಯಡ್ಕದವಳು, ಇಲ್ಲಿಗೆ ಬಂದು 11 ವರ್ಷ. ಕೊಳ್ಳುವವರ ಕಡೆಯ ಮಾತು ಒಂದು ಹೇಳುತ್ತೇನೆ. ಪ್ಯಾಕೆಟ್ ಎತ್ತಿ ಮೊದಲು ಅಲ್ಲಾಡಿಸುತ್ತೇನೆ. ಸೊಳೆ ಗಲಗಲ ಅಂದರೆ ಬುಟ್ಟಿಗೆ. ಎಲ್ಲ ಅಂಟಿಕೊಂಡು ಇಟ್ಟಿಗೆಯ ಹಾಗಿದ್ದರೆ ವಾಪಸ್. ಒಳಗೆ ಬಿಳಿ ಮಂಜಿನ ಪುಡಿ ತುಂಬಿದ್ದರೂ ವಾಪಸ್. ಎಲ್ಲೋ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಅಲ್ವಾ ಕುಂಬಳೆ ಅಣ್ಣ?

ನಿಮ್ಮ ಸೊಳೆ ಬಂದರೆ ನನಗೆ ಹೇಳಿ. ಇಲ್ಲಿ ಸಿಗುವುದು ತುಂಬ ಸಪ್ಪೆ. ಕೊಟ್ಟಿಗೆ (ಹಲಸಿನ ಹಣ್ಣಿನ ಕಡುಬು) ಮಾಡಿದರೆ ಪೂರ ಬೆಲ್ಲದ್ದೇ ರುಚಿ.

ಕುಂಬಳೆ ಕೋಲ್ಡ್ ಸ್ಟೋರ್
ಹೌದು ಅಕ್ಕ. ಪೂರ್ತಿ ಕರಗಬೇಕೆಂದಿಲ್ಲ. ಉಷ್ಣತೆ ಮೇಲೆ ಕೆಳಗೆ ಆಗುತ್ತಾ ಇದ್ದರೂ ಹಣ್ಣಿನ ನೀರು ಹೊರಬಂದು ಪ್ಯಾಕೆಟಿನೊಳಗೆ ಮಂಜಾಗಿ ಕೂರುತ್ತದೆ. ಸಪ್ಪೆಯಾಗುವುದಕ್ಕೆ ಮಾತ್ರ ಬೇರೆ ಕಾರಣ ಇರಬಹುದು. ಜುಲೈಯ ಮಳೆಹಣ್ಣು ಹಾಕಿರುತ್ತಾರೆ.

ಪಣಂಬೂರು ಗೇಟ್
ನಾನು ಮಂಗಳೂರಿನಲ್ಲಿ ಸರಕಿನ ಕಸ್ಟಮ್ಸ್ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಊರು ಮಂಜೇಶ್ವರ. ಪೆರ್ಲದ ಅಣ್ಣನ ಎರಡು ಟನ್ ನೋಡಿ ಬರೆಯಬೇಕು ಅನಿಸಿತು.

ಈಗ ಎಲ್ಲರೂ ಬಳಸುವುದು 40 ಅಡಿಯ ಎತ್ತರದ ರೀಫರ್. ಪೆಟ್ಟಿಗೆಯ ಅಳತೆ ನೋಡಿಕೊಂಡು ಫ್ರೋಜನ್ ಸಾಮಾನು 25 ಟನ್ ಆಸುಪಾಸು ಹಿಡಿಯುತ್ತದೆ. ನೀವು ಎರಡು ಟನ್ ಹಾಕಿದರೂ ಬಾಡಿಗೆ ಪೂರ್ತಿ. ಹತ್ತು ಕಿಲೋದ ಹಣ್ಣಲ್ಲಿ ಮೂರು ಕಿಲೋ ಸೊಳೆ ಅಂತ ಇಟ್ಟುಕೊಂಡರೂ 25 ಟನ್ನಿಗೆ ಎಂಟು ಸಾವಿರಕ್ಕಿಂತ ಜಾಸ್ತಿ ಹಣ್ಣು ಬೇಕು. ನಿಮ್ಮ ಐದಾರು ಮನೆಯ ಮರಗಳಿಂದ ಅದು ಆಗುವ ಮಾತಲ್ಲ. ಮೇಣ ಮೆತ್ತಿದ ಕೈಗಳೂ ಅಷ್ಟು ಸಿಗುವುದಿಲ್ಲ.

ಸಾಮಾನ್ಯ ಸರಕನ್ನು ಹಲವರು ಹಂಚಿಕೊಂಡು ಕಳಿಸುವ ಹಾಗೆ ರೀಫರಿನಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಫ್ರೋಜನ್ ತೆಂಗಿನ ತುರಿ, ನುಗ್ಗೆ, ಪರೋಟ, ಮರಗೆಣಸು ಎಲ್ಲ ಸೇರಿಸಿ ಒಂದೇ ಕಂಟೇನರಿನಲ್ಲಿ ಕಳಿಸುವ ರಫ್ತುದಾರರಿದ್ದಾರೆ. ಎಲ್ಲವೂ ಮೈನಸ್ 18 ಆದ್ದರಿಂದ ಒಟ್ಟಿಗೆ ಹೋಗಬಹುದು. ಹೆಚ್ಚಿನವರಿಗೆ ಸ್ವಂತ ಬ್ಲಾಸ್ಟ್ ಫ್ರೀಜರ್ ಇರುತ್ತದೆ. ಅಂಥವರಿಗೆ ಸೊಳೆ ಕೊಡುವುದು ಮೊದಲ ಮೆಟ್ಟಿಲು. ನಿಮ್ಮ ಹೆಸರಿನ ಪ್ಯಾಕೆಟ್ ಆಮೇಲೆ ನೋಡೋಣ.

ಪಣಂಬೂರು ಹತ್ತಿರ ಅನ್ನುವುದು ಲಾರಿ ಬಾಡಿಗೆಗೆ ಸರಿ. ಆದರೆ ಗಲ್ಫಿಗೆ ಹೋಗುವ ಹಡಗು ಕೊಚ್ಚಿಯಲ್ಲಿ ಜಾಸ್ತಿ. ನೇರ ಹಡಗು ಸಿಕ್ಕಿದರೆ ಜಬಲ್ ಅಲಿಗೆ ವಾರದ ಆಸುಪಾಸು. ನಡುವೆ ಇನ್ನೊಂದು ಬಂದರಿನಲ್ಲಿ ಇಳಿಸಿ ಬೇರೆ ಹಡಗಿಗೆ ಹತ್ತಿಸುವುದಾದರೆ ದಿನ ಹೆಚ್ಚು, ಕರೆಂಟ್ ಪ್ಲಗ್ ತೆಗೆದು ಹಾಕುವುದೂ ಹೆಚ್ಚು. ಬರೀ ಕಿಲೋಮೀಟರ್ ನೋಡಬೇಡಿ.

ಉಪ್ಪಳ ಟ್ರೈಲರ್
ಕರೆಂಟ್ ವಿಷಯ ಬಂತಲ್ಲ, ನಾನು ಹೇಳ್ತೇನೆ. ಹಡಗಿನಲ್ಲಿ ಪ್ಲಗ್ ಇರುತ್ತದೆ, ಯಾರ್ಡಿನಲ್ಲಿ ಪ್ಲಗ್ ಇರುತ್ತದೆ. ರಸ್ತೆಯಲ್ಲಿ ಏನೂ ಇಲ್ಲ. ಟ್ರೈಲರಿಗೆ ಸಿಕ್ಕಿಸಿದ ಡೀಸೆಲ್ ಜನರೇಟರ್ ಮಾತ್ರ.

ನನ್ನ ಜೊತೆ ಕೊಚ್ಚಿಗೆ ಓಡಿಸುತ್ತಿದ್ದ ಒಬ್ಬ ಇಚ್ಚ (ಅಣ್ಣ) ಇದ್ದ. ಒಳ್ಳೆ ಮನುಷ್ಯ. ರಾತ್ರಿ ಗಾಡಿ ಬದಿಗೆ ಹಾಕಿ ಮಲಗುವಾಗ ಜನರೇಟರ್ ಶಬ್ದಕ್ಕೆ ನಿದ್ದೆ ಬರುವುದಿಲ್ಲ ಅಂತ ಬಂದ್ ಮಾಡಿಬಿಟ್ಟ. ಬೆಳಗ್ಗೆ ಎದ್ದು ಚಾಲೂ ಮಾಡಿದ. ಯಾರಿಗೂ ಗೊತ್ತಾಗಲಿಲ್ಲ ಅಂತ ಅವನ ಲೆಕ್ಕ. ಕಂಟೇನರಿನ ಯಂತ್ರ ಎಲ್ಲ ಬರೆದಿಡುತ್ತದೆ ಮಾರಾಯ್ರೇ! ಎರಡು ವಾರದ ಮೇಲೆ ಕಂಪನಿಗೆ ಗ್ರಾಫ್ ಬಂತು. ರಾತ್ರಿ 2ರಿಂದ 6ರವರೆಗೆ ಗೆರೆಯೇ ಇಲ್ಲ.

ಪೆರ್ಲದ ಬಕ್ಕೆ
ಸರಕು ಹಾಳಾಯಿತಾ?

ಉಪ್ಪಳ ಟ್ರೈಲರ್
ಇಲ್ಲ. ತುಂಬಿದ ಫ್ರೋಜನ್ ಲೋಡು, ಬಾಗಿಲು ತೆರೆಯಲಿಲ್ಲ, ನಾಲ್ಕು ಗಂಟೆ ತಡೆಯಿತು. ಇಚ್ಚನ ಕೆಲಸ ಮಾತ್ರ ಹೋಯಿತು. ಹಸಿ ತರಕಾರಿ ಆಗಿದ್ದರೆ ಸರಕೂ ಹೋಗುತ್ತಿತ್ತು.

ಮುಳ್ಳೇರಿಯ ನೇಂದ್ರ
ಆ ಹಸಿ ಸರಕಿನ ಕತೆ ನನ್ನ ಹತ್ತಿರ ಕೇಳಿ. ಫ್ರೋಜನ್ ಅಂದರೆ ಸತ್ತ ಸರಕು, ಸುಮ್ನೆ ಬಿದ್ದಿರುತ್ತದೆ. ಬಾಳೆಕಾಯಿ ಜೀವ ಇರುವ ಸರಕು. ಪೆಟ್ಟಿಗೆಯೊಳಗೂ ಉಸಿರಾಡುತ್ತದೆ, ತಾನೇ ಬಿಸಿ ಹುಟ್ಟಿಸುತ್ತದೆ, ಎಥಿಲೀನ್ ಗಾಳಿ ಬಿಡುತ್ತದೆ. ಒಂದು ಹಣ್ಣಾದರೆ ಪಕ್ಕದ್ದನ್ನೂ ಹಣ್ಣು ಮಾಡುತ್ತದೆ.

ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ಒಬ್ಬ ವ್ಯಾಪಾರಿಯ ಮೂಲಕ ನೇಂದ್ರ ಕಳಿಸಿದೆವು. ಬೆಳಗ್ಗೆ ಗೊನೆ ಕಡಿದು, ಪಡಿಗೆ ಬಿಡಿಸಿ, ತೊಳೆದು, ಮಧ್ಯಾಹ್ನದ ಬಿಸಿಲಿಗೇ ತುಂಬಿಸಿದೆವು. ಮೊದಲು ತಣಿಸುವ ಕೋಣೆಯಲ್ಲಿ ಇಡಬೇಕೆಂದು ಯಾರೂ ಹೇಳಲಿಲ್ಲ. ಕಂಟೇನರಿಗೆ 13.5 ಡಿಗ್ರಿ ಕೊಟ್ಟಿದ್ದರು, ಅದು ಸರಿಯೇ. ಆದರೆ ಕಾಯಿಯ ಒಳಗಿನ ಬಿಸಿ ಇಳಿಯುವಷ್ಟರಲ್ಲಿ ಹಣ್ಣಾಗಲು ಶುರುವಾಗಿತ್ತು. ಬಾಗಿಲು ತೆರೆದವರು ವಿಡಿಯೋ ಕಳಿಸಿದರು. ಒಳಗೆ ದೀಪಾವಳಿ ದೀಪ ಇಟ್ಟ ಹಾಗೆ ಎಲ್ಲ ಹಳದಿ. ನಮಗೆ ಬಂದದ್ದು ಪೆಟ್ಟಿಗೆಯ ದುಡ್ಡು ಮಾತ್ರ.

ಹಾಗಂತ ಇನ್ನೂ ತಣ್ಣಗೆ ಮಾಡಿದರೂ ಆಗುವುದಿಲ್ಲ. 13ಕ್ಕಿಂತ ಕೆಳಗೆ ಹೋದರೆ ಬಾಳೆಕಾಯಿಗೆ ಚಳಿ ಹಿಡಿಯುತ್ತದೆ. ಸಿಪ್ಪೆ ಬೂದಿ ಬಣ್ಣ, ಆಮೇಲೆ ಸರಿಯಾಗಿ ಹಣ್ಣೂ ಆಗುವುದಿಲ್ಲ. ಮನೆಯ ಫ್ರಿಜ್ಜಲ್ಲಿ ಬಾಳೆಹಣ್ಣು ಇಟ್ಟವರಿಗೆಲ್ಲ ಗೊತ್ತು.

ಪಣಂಬೂರು ಗೇಟ್
ನೇಂದ್ರ ಅಣ್ಣ, ಆ ಕಂಟೇನರಿನ ಗಾಳಿಕಿಂಡಿ ತೆರೆದಿದ್ದರಾ? ಹಣ್ಣಿನ ಲೋಡಿಗೆ ಅದನ್ನು ಇಷ್ಟು ಅಂತ ತೆರೆದಿಡಬೇಕು, ಎಥಿಲೀನ್, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲು. ಫ್ರೋಜನ್ನಿಗೆ ಪೂರ್ತಿ ಮುಚ್ಚಬೇಕು. ಇಲ್ಲದಿದ್ದರೆ ಸಮುದ್ರದ ತೇವದ ಗಾಳಿ ಒಳಗೆ ಬಂದು ಯಂತ್ರದ ತಣ್ಣನೆಯ ಕೊಳವೆಗಳ ಮೇಲೆ ಮಂಜು ಕಟ್ಟುತ್ತದೆ. ಬುಕಿಂಗ್ ಕಾಗದದಲ್ಲಿ ಉಷ್ಣತೆಯ ಕೆಳಗೆಯೇ ಇದನ್ನು ಬರೆಯುವ ಜಾಗ ಇದೆ. ಹೆಚ್ಚಿನವರು ಖಾಲಿ ಬಿಡುತ್ತಾರೆ.

ಆ ಕಾಗದದಲ್ಲಿ ಇನ್ನೊಂದು ಅಪಾಯ ಉಂಟು. ಮೈನಸ್ ಗೆರೆ. 18 ಅಂತ ಬರೆದು ಹಿಂದಿನ ಸಣ್ಣ ಗೆರೆ ಬಿಟ್ಟುಹೋದರೆ ಪ್ಲಸ್ 18 ಆಗುತ್ತದೆ. ನಾವು ಆಫೀಸಿನಲ್ಲಿ ಅಕ್ಷರದಲ್ಲೇ ಬರೆಯುತ್ತೇವೆ, "ಮೈನಸ್ ಹದಿನೆಂಟು" ಅಂತ. ಹೊಸ ಹುಡುಗರು ನಗುತ್ತಾರೆ. ನಗಲಿ.

ಮುಳ್ಳೇರಿಯ ನೇಂದ್ರ
ಕಿಂಡಿಯಾ? ಕಿಂಡಿ ಇದೆ ಅಂತ ನನಗೆ ಈಗ ಗೊತ್ತಾಗುತ್ತಿದೆ.

ನೀರ್ಚಾಲು ಮಾಷ್ಟ್ರು
ಎಲ್ಲ ಓದಿದೆ. ಹಳೆ ಕತೆ ಒಂದು ನೆನಪಾಯಿತು. 1882ರ ಫೆಬ್ರವರಿ 15ಕ್ಕೆ ಡನೀಡಿನ್ ಎಂಬ ಹಾಯಿಹಡಗು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸಿನಿಂದ ಲಂಡನ್ನಿಗೆ ಹೊರಟಿತು. ಹೊಟ್ಟೆಯೊಳಗೆ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿದ ಮಾಂಸ. ಓಡುವುದು ಗಾಳಿಯಲ್ಲಿ, ತಣ್ಣಗೆ ಮಾಡಲು ಮಾತ್ರ ಉಗಿಯಂತ್ರ. ಅದರ ಹೊಗೆಕೊಳವೆಯ ಕಿಡಿ ಹಾರಿ ಹಾಯಿಗೇ ಬೆಂಕಿ ತಾಗುತ್ತಿತ್ತಂತೆ.

ಉಷ್ಣವಲಯಕ್ಕೆ ಬಂದಾಗ ತಣ್ಣನೆಯ ಗಾಳಿ ಒಳಗೆ ಸರಿಯಾಗಿ ಸುತ್ತುತ್ತಿಲ್ಲ ಅಂತ ಗೊತ್ತಾಯಿತು. ಕಪ್ತಾನ ಸ್ವತಃ ಗಾಳಿ ಕೊಳವೆಯೊಳಗೆ ತೆವಳಿ ಹೋಗಿ ಹೆಚ್ಚು ತೂತು ಕೊರೆದ. ಚಳಿಗೆ ಅಲ್ಲೇ ಪ್ರಜ್ಞೆ ತಪ್ಪುವ ಹಾಗಾಯಿತು. ಕಾಲಿಗೆ ಹಗ್ಗ ಕಟ್ಟಿ ಹೊರಗೆ ಎಳೆದರು. 98 ದಿನಕ್ಕೆ ಲಂಡನ್ ಮುಟ್ಟಿತು. ಅಷ್ಟರಲ್ಲಿ ಬಿಸಾಡಬೇಕಾಗಿ ಬಂದದ್ದು ಒಂದೇ ಒಂದು ಕುರಿ.

ಆಗಲೂ ತೊಂದರೆ ಕೊಟ್ಟದ್ದು ಗಾಳಿಯ ಓಡಾಟ. ಈಗಿನ ಪೆಟ್ಟಿಗೆಯಲ್ಲಿ ಅದಕ್ಕೆ ಏನು ವ್ಯವಸ್ಥೆ, ಕುಂಬಳೆಯವರೇ?

ಕುಂಬಳೆ ಕೋಲ್ಡ್ ಸ್ಟೋರ್
ಮಾಷ್ಟ್ರೇ, ಒಳ್ಳೆ ಪ್ರಶ್ನೆ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ರೀಫರಿನ ನೆಲ ಸಪಾಟಲ್ಲ. ಇಂಗ್ಲಿಷಿನ ಟೀ ಅಕ್ಷರದ ಆಕಾರದ ಅಲ್ಯೂಮಿನಿಯಂ ಪಟ್ಟಿಗಳು ಉದ್ದಕ್ಕೆ ಇರುತ್ತವೆ. ಚಪ್ಪಲಿಯಲ್ಲಿ ನಡೆದರೆ ಕಾಲು ಕಚ್ಚುತ್ತದೆ. ಎದುರಿನ ಯಂತ್ರ ತಣ್ಣನೆಯ ಗಾಳಿಯನ್ನು ಆ ಪಟ್ಟಿಗಳ ನಡುವಿನ ಕಾಲುವೆಗೆ ಊದುತ್ತದೆ. ತೋಟಕ್ಕೆ ನೀರು ಬಿಟ್ಟ ಹಾಗೆಯೇ. ಗಾಳಿ ಬಾಗಿಲವರೆಗೆ ಹೋಗಿ, ಸರಕಿನ ಸುತ್ತ ಮೇಲೆದ್ದು, ಚಾವಣಿಯ ಕೆಳಗಿನಿಂದ ವಾಪಸ್ ಯಂತ್ರಕ್ಕೆ ಬರುತ್ತದೆ.

ಹಾಗಾಗಿ ಗೋಡೆಯ ಮೇಲೆ ಒಂದು ಕೆಂಪು ಗೆರೆ ಎಳೆದಿರುತ್ತಾರೆ. ಅದರ ಮೇಲೆ ಒಂದು ಪೆಟ್ಟಿಗೆಯೂ ಇಡಬಾರದು. ತುಂಬಿಸುವವರಿಗೆ ಆ ಗೆರೆ ಕಂಡರಾಗುವುದಿಲ್ಲ, ಮೇಲೆ ಜಾಗ ಖಾಲಿ ಇದೆಯಲ್ಲ ಅಂತ ಇನ್ನೊಂದು ಸಾಲು ತುರುಕುತ್ತಾರೆ. ಗಾಳಿ ಹಿಂದೆ ಬರುವ ದಾರಿ ಮುಚ್ಚಿತು. ಹಾಗೆಯೇ ನೆಲದಲ್ಲಿ ಒಂದು ಕಡೆ ಖಾಲಿ ಬಿಟ್ಟರೆ ಗಾಳಿ ಅಲ್ಲೇ ಮೇಲೆದ್ದು ಹೋಗುತ್ತದೆ, ಬಾಗಿಲ ಹತ್ತಿರದ ಸಾಲಿಗೆ ಏನೂ ಸಿಗುವುದಿಲ್ಲ. ಸರಕು ಕಡಿಮೆ ಇದ್ದರೆ ಉಳಿದ ನೆಲಕ್ಕೆ ದಪ್ಪ ರಟ್ಟು ಹಾಸುತ್ತೇವೆ.

ಫ್ರೋಜನ್ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇಡಬಹುದು. ಗಾಳಿ ಸುತ್ತ ಹೋದರೆ ಸಾಕು. ನೇಂದ್ರ ಅಣ್ಣನ ಬಾಳೆಗೆ ಹಾಗಲ್ಲ. ಪ್ರತಿ ಪೆಟ್ಟಿಗೆಗೆ ತೂತು ಬೇಕು, ಕೆಳಗಿನ ಪೆಟ್ಟಿಗೆಯ ತೂತು ಮೇಲಿನದಕ್ಕೆ ಸರಿಯಾಗಿ ಕೂರಬೇಕು, ಗಾಳಿ ಒಳಗಿಂದಲೇ ಹಾದುಹೋಗಬೇಕು.

ತುಂಬುವಾಗ ಯಂತ್ರ ಬಂದ್ ಇರಬೇಕು. ಬಾಗಿಲು ತೆರೆದಿಟ್ಟು ಯಂತ್ರ ಓಡಿಸಿದರೆ ನಮ್ಮ ಕರಾವಳಿಯ ತೇವ ಎಲ್ಲ ಒಳಗೆ ಎಳೆದುಕೊಂಡು ಮಂಜು ಕಟ್ಟುತ್ತದೆ. ಬೇಗ ತುಂಬಿ, ಬಾಗಿಲು ಹಾಕಿ, ಚಾಲೂ ಮಾಡಿ.

ನೀರ್ಚಾಲು ಮಾಷ್ಟ್ರು
ಬಹಳ ಚೆನ್ನಾಗಿ ಹೇಳಿದಿರಿ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ನೀರಾ ಇಳಿಸಲು ಮಾಡಿದ ಪೆಟ್ಟಿಗೆ ನೆನಪಾಗುತ್ತದೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನು ಮರದ ಮೇಲೆ ಹೊಂಬಾಳೆಗೇ ಕಟ್ಟುತ್ತಾರೆ, ರಸ ತೊಟ್ಟಿಕ್ಕುವಾಗಲೇ ತಣ್ಣಗಾಗುತ್ತದೆ. ಅದಕ್ಕೇ ಹುಳಿ ಬರುವುದಿಲ್ಲ. ಕಲ್ಪರಸ ಅಂತ ಹೆಸರಿಟ್ಟಿದ್ದಾರೆ. ಪೆರ್ಲದವರು ಹಲಸಿನ ಮರಕ್ಕೆ ಫ್ರಿಜ್ ಕಟ್ಟಬೇಕೆಂದು ನಾನು ಹೇಳುವುದಿಲ್ಲ!

ಪೆರ್ಲದ ಬಕ್ಕೆ
ಮಾಷ್ಟ್ರೇ, ಅದೂ ಒಂದು ಬಾಕಿ. 😄
ಕಾಗದಪತ್ರ ಏನೇನು ಬೇಕು? ವಿಮೆ?

ಪಣಂಬೂರು ಗೇಟ್
ನೀವೇ ರಫ್ತು ಮಾಡುವುದಾದರೆ ಐಇಸಿ (ಆಮದು-ರಫ್ತು ಮಾಡುವವರ) ನಂಬರ್, ಅದಕ್ಕೆ 500 ರೂಪಾಯಿ ಶುಲ್ಕ, ಆನ್‌ಲೈನಲ್ಲೇ ಆಗುತ್ತದೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ, ಅಪೇಡಾ (ಕೃಷಿ ರಫ್ತು ಪ್ರಾಧಿಕಾರ) ನೋಂದಣಿ. ಹಸಿ ಹಣ್ಣಿಗಾದರೆ ಪ್ಲಾಂಟ್ ಕ್ವಾರಂಟೈನಿನ ಸರ್ಟಿಫಿಕೇಟ್. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಅದರ ಲಾಭ ಬೇಕಾದರೆ ಮೂಲದ ಸರ್ಟಿಫಿಕೇಟ್. ಪ್ಯಾಕೆಟಿನ ಮೇಲೆ ಅರೇಬಿಕ್ ಲೇಬಲ್, ತಯಾರಿಸಿದ ದಿನ, ಮುಗಿಯುವ ದಿನ ಎರಡೂ ಇರಬೇಕು. ನಮ್ಮ ಪಾಡು ನೋಡಿ, ಪಂಚಾಯತಿನ ಕಾಗದ ಮಲಯಾಳದಲ್ಲಿ, ಲೇಬಲ್ ಅರೇಬಿಕ್‌ನಲ್ಲಿ, ಸೊಳೆ ಬಿಡಿಸುವಾಗಿನ ಪಟ್ಟಾಂಗ ಮಾತ್ರ ಕನ್ನಡದಲ್ಲಿ.

ವಿಮೆಯ ಬಗ್ಗೆ ಒಂದೇ ಮಾತು. ಫ್ರೋಜನ್ ಸರಕಿನ ಪಾಲಿಸಿಯಲ್ಲಿ ಯಂತ್ರ ಕೆಟ್ಟದ್ದಕ್ಕೆ ಪರಿಹಾರ ಬೇಕಾದರೆ ಅದು ಒಂದೇ ಸಮನೆ 24 ಗಂಟೆ ನಿಂತಿರಬೇಕು ಎಂಬ ಷರತ್ತು ಸಾಮಾನ್ಯ. ಇಪ್ಪತ್ತು ಗಂಟೆ ನಿಂತು ಸರಕು ಹಾಳಾದರೆ ಕೈಗೆ ಏನೂ ಸಿಗುವುದಿಲ್ಲ. ಸಹಿ ಹಾಕುವ ಮೊದಲು ಆ ಸಾಲು ಓದಿ. ತುಂಬುವಾಗ ಪೆಟ್ಟಿಗೆಯ ಉಷ್ಣತೆ ಬರೆದು ಫೋಟೋ ತೆಗೆದಿಡಿ. ನಮ್ಮಲ್ಲಿ ಒಬ್ಬರ ಕ್ಲೇಮು ಬಿದ್ದದ್ದೇ ಅದಿಲ್ಲದೆ. ತುಂಬುವಾಗಲೇ ಕರಗಿತ್ತು ಅಂತ ಅವರು, ಇಲ್ಲ ಅಂತ ಇವರು. ಸಾಕ್ಷಿ ಯಾರ ಹತ್ತಿರವೂ ಇರಲಿಲ್ಲ.

ಶಾರ್ಜಾ ಅಕ್ಕ
ಯುರೋಪಿಗೂ ಕಳಿಸಬಹುದಲ್ವಾ? ನನ್ನ ತಂಗಿ ಲಂಡನ್ನಿನಲ್ಲಿದ್ದಾಳೆ, ಗುಜ್ಜೆ ಗುಜ್ಜೆ (ಎಳೆ ಹಲಸು) ಅಂತ ಬಡಕೊಳ್ಳುತ್ತಾಳೆ.

ಪಣಂಬೂರು ಗೇಟ್
ಫ್ರೋಜನ್ ಗುಜ್ಜೆ ಆದರೆ ಆಗಬಹುದು ಅಕ್ಕ. ಹಸಿಯದ್ದು ಹಡಗಿನಲ್ಲಿ ಕಷ್ಟ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹೆಚ್ಚಿನ ಕಂಪನಿಗಳು ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು, ಹತ್ತು ಹದಿನಾಲ್ಕು ದಿನ ಜಾಸ್ತಿಯಾಯಿತು. ಫ್ರೋಜನ್ನಿಗೆ ಅದು ಬರೀ ಬಾಡಿಗೆಯ ಪ್ರಶ್ನೆ. ಹಸಿಯದ್ದಕ್ಕೆ ಆಯುಸ್ಸಿನ ಪ್ರಶ್ನೆ.

ಪೆರ್ಲದ ಬಕ್ಕೆ
ಎರಡು ತಿಂಗಳಾಯಿತು, ಬರೆಯಲಾಗಲಿಲ್ಲ, ಬೇಸರ ಮಾಡಬೇಡಿ. ಕಂಟೇನರ್ ಬುಕ್ ಮಾಡುವ ಆಸೆ ಬಿಟ್ಟೆ. ಪಣಂಬೂರು ಅಣ್ಣ ಹೇಳಿದ ಹಾಗೆ ಮಿಶ್ರ ಕಂಟೇನರ್ ಕಳಿಸುವ ಒಬ್ಬರನ್ನು ಹಿಡಿದೆ. ಮೊದಲು ಕೇಳಿದ ಜಾಗ ಮೀನಿನದ್ದು. ಬಾಡಿಗೆ ಕಡಿಮೆ ಇತ್ತು, ಆದರೆ ಬಾಗಿಲಲ್ಲಿ ನಿಂತಾಗಲೇ ಅಮ್ಮ ಮೂಗು ಮುಚ್ಚಿಕೊಂಡರು. ಎರಡನೆಯವರದ್ದು ತೆಂಗಿನ ತುರಿಯ ಘಟಕ.

ಸುಮಾರು ನೂರು ಹಣ್ಣು. ಮಳೆ ಹಿಡಿಯುವ ಮೊದಲೇ ಕೊಯ್ದದ್ದು. ಹನ್ನೊಂದು ಜನ ಕೂತು ಬಿಡಿಸಿದೆವು, ಕೈಗೆ ತೆಂಗಿನೆಣ್ಣೆ ಎಷ್ಟು ಸವರಿದರೂ ಮೇಣ ಬಿಡಲಿಲ್ಲ. 300 ಕಿಲೋ ಸೊಳೆ, ಅರ್ಧ ಕಿಲೋದ 600 ಪ್ಯಾಕೆಟ್, 50 ಪೆಟ್ಟಿಗೆ. ಬ್ಲಾಸ್ಟ್ ಫ್ರೀಜರಿನಿಂದ ಹೊರಬಂದಾಗ ಸೊಳೆಯನ್ನು ಟ್ರೇಗೆ ಬಡಿದು ನೋಡಿದೆ, ಟಣ್ ಅಂತು. ಕಂಟೇನರಿಗೆ ಹಾಕುವಾಗ ನಾನೇ ಸೂಜಿ ಚುಚ್ಚಿದೆ. ಮೈನಸ್ 19. ಫೋಟೋ ತೆಗೆದಿದ್ದೇನೆ. ಕೆಂಪು ಗೆರೆಯನ್ನೂ ನೋಡಿದೆ. ಮೇಲೆ ಇನ್ನೊಂದು ಸಾಲು ಇಡಲು ಹೊರಟವನನ್ನು ನಾನೇ ತಡೆದೆ, ನೀವು ಯಾವ ಕಂಪನಿ ಸಾರ್ ಅಂತ ಕೇಳಿದ!

ಲಾಭ ಅಂತ ದೊಡ್ಡದೇನಿಲ್ಲ. ಕೂಲಿ ಲೆಕ್ಕ ಹಾಕದಿದ್ದರೆ ಸ್ವಲ್ಪ ಉಳಿಯಿತು. ಅದು ಶಾರ್ಜಾದ ಅಂಗಡಿಗೂ ಬಂದಿದೆಯಂತೆ ಅಕ್ಕ, ತೆಂಗಿನ ತುರಿ ಇರುವ ಅದೇ ಬ್ರ್ಯಾಂಡಿನ ಪ್ಯಾಕೆಟ್.

ಶಾರ್ಜಾ ಅಕ್ಕ
ಮೊನ್ನೆ ಶುಕ್ರವಾರ ತಂದೆ. ಮೂರು ಪ್ಯಾಕೆಟ್. ಗಲಗಲ ಅಂತಿತ್ತು, ಮಂಜಿನ ಪುಡಿ ಇರಲಿಲ್ಲ. ಕರಗಿಸಿದಾಗ ಬೆರಳಲ್ಲಿ ಒತ್ತಿದರೆ ಗಟ್ಟಿ ಇತ್ತು, ಬಕ್ಕೆಯೇ. ಬಾಳೆಎಲೆ ಸಿಕ್ಕಲಿಲ್ಲ, ಲೋಟದಲ್ಲಿ ಹೊಯ್ದು ಕೊಟ್ಟಿಗೆ ಬೇಯಿಸಿದೆ. ಬೆಲ್ಲ ಅರ್ಧದಷ್ಟು ಸಾಕಾಯಿತು.

ಒಂದು ಪ್ಯಾಕೆಟಿನಲ್ಲಿ ಒಂದು ಸೊಳೆಯ ಬೀಜ ತೆಗೆಯದೆ ಹಾಗೇ ಉಳಿದಿತ್ತು. ಜಜ್ಜಿ ಸಾರಿಗೆ ಹಾಕಿದೆ.

ಪೆರ್ಲದ ಬಕ್ಕೆ
ಅದು ಅಮ್ಮನ ಬುಟ್ಟಿಯದ್ದು. ಕನ್ನಡಕ ಹಾಕಿ ಕೂರಿ ಅಂತ ಹೇಳಿದ್ದೆ.